ಏಬ್ರಹಾಂ ಟಕರ್: ಏಳು ಸಂಪುಟ ಬರೆದ ಹಳ್ಳಿ ಸಾಹುಕಾರ. ಯಾರಾದರೂ ಓದಿದ್ದೀರಾ?

ಹಳೇ_ಪುಸ್ತಕದಂಗಡಿ:

ಒಂದು ವಾರದಿಂದ ಒಬ್ಬ ಮನುಷ್ಯ ತಲೆಯಲ್ಲಿ ಕೂತುಬಿಟ್ಟಿದ್ದಾನೆ. ಮನೆಯಲ್ಲಿ ಹೇಳಿದರೆ ಯಾರೂ ಕೇಳೋದಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೇನೆ. ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ಹೆಸರು ಏಬ್ರಹಾಂ ಟಕರ್. 1705ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಅಪ್ಪ ದುಡ್ಡಿದ್ದ ವ್ಯಾಪಾರಿ. ಮಗು ಎಳೆಯದಿರುವಾಗಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಸಾಕಿದ್ದು ಸೋದರಮಾವ, ಸರ್ ಐಸಾಕ್ ಟಿಲ್ಲಾರ್ಡ್. ಈ ಮಾವನದ್ದೊಂದು ತಮಾಷೆ ಇದೆ. ದೂರದ ನೆಂಟರಿಗೆ ಕಾಗದ ಬರೀಬೇಕಾಗಿ ಬಂದಾಗಲೆಲ್ಲ ಹುಡುಗ "ಹೇಗೆ ಬರೀಲಿ ಮಾವ?" ಅಂತ ಹೋದರೆ, "ಬೈಬಲ್ಲಿನಲ್ಲಿ ಸಂತ ಪೌಲನ ಪತ್ರಗಳಿವೆಯಲ್ಲ, ಅದೇ ಮಾದರಿ" ಅಂತಿದ್ದರಂತೆ. ಅಜ್ಜಿಗೋ ಅತ್ತೆಗೋ "ಕ್ಷೇಮ" ಅಂತ ಬರೆಯೋದಕ್ಕೆ ಸಂತ ಪೌಲ!

1721ರಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜು ಸೇರಿದ. ತತ್ವಶಾಸ್ತ್ರ, ಗಣಿತ, ಫ್ರೆಂಚ್, ಇಟಾಲಿಯನ್, ಜೊತೆಗೆ ಸಂಗೀತ. ಆಮೇಲೆ ಇನ್ನರ್ ಟೆಂಪಲ್ ಅನ್ನುವ ಕಡೆ ಕಾನೂನು ಓದಿದ, ಆದರೆ ಕರಿಕೋಟು ಹಾಕಲೇ ಇಲ್ಲ. ಹಾಕುವ ಅಗತ್ಯವೂ ಇರಲಿಲ್ಲ ಬಿಡಿ. 1727ರಲ್ಲಿ, ಇಪ್ಪತ್ತೆರಡರ ಆಸುಪಾಸಿನಲ್ಲಿ, ಸರ್ರಿ ಸೀಮೆಯ ಡಾರ್ಕಿಂಗ್ ಊರಿನ ಹತ್ತಿರ ಬೆಚ್‌ವರ್ತ್ ಕ್ಯಾಸಲ್ ಅನ್ನುವ ದೊಡ್ಡ ಮನೆ ಮತ್ತು ಜಮೀನು ಕೊಂಡ. ಸಾಯುವ ತನಕ ಅದೇ ಮನೆ.

ಜಮೀನು ಕೊಂಡವನು ಸುಮ್ನೆ ಕೂರಲಿಲ್ಲ. ಬೇಸಾಯ ಗೊತ್ತಿಲ್ಲ, ಹಾಗಾಗಿ ಅಕ್ಕಪಕ್ಕದ ರೈತರನ್ನು ಕೇಳಿದ್ದು, ಹಳೇ ಗ್ರಂಥಗಳಲ್ಲಿ ಓದಿದ್ದು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡ. ನನಗೆ ಈ ಮನುಷ್ಯ ಹಿಡಿಸಿದ್ದು ಇಲ್ಲಿಂದಲೇ. ಏನೇ ಬಂದರೂ ಮೊದಲು ಬರೆದಿಡುವ ಜಾತಿ.

1736ರಲ್ಲಿ ಡೊರೊಥಿ ಬಾರ್ಕರ್ ಜೊತೆ ಮದುವೆ. ಇಬ್ಬರು ಹೆಣ್ಣುಮಕ್ಕಳು. 1754ರಲ್ಲಿ ಹೆಂಡತಿ ತೀರಿಕೊಂಡಳು. ಆಗ ಈತ ಏನು ಮಾಡಿದ ಗೊತ್ತಾ? ಇಬ್ಬರೂ ಒಬ್ಬರಿಗೊಬ್ಬರು ಬರೆದಿದ್ದ ಕಾಗದಗಳನ್ನೆಲ್ಲ ಹುಡುಕಿ ಒಟ್ಟು ಮಾಡಿ, ಕೂತು ತನ್ನ ಕೈಯಲ್ಲೇ ನಕಲು ಮಾಡಿದ. ಒಂದು ಸಲ ಅಲ್ಲ, ಎರಡು ಸಲ. ಅದಕ್ಕೊಂದು ಹೆಸರೂ ಇಟ್ಟ, 'ದಿ ಪಿಕ್ಚರ್ ಆಫ್ ಆರ್ಟ್‌ಲೆಸ್ ಲವ್'. ಕಪಟವಿಲ್ಲದ ಪ್ರೀತಿಯ ಚಿತ್ರ ಅಂತ ಅನ್ನಬಹುದು. ಒಂದು ಪ್ರತಿ ಹೆಂಡತಿಯ ಅಪ್ಪನಿಗೆ, ಒಂದು ತನಗೆ.

ಅದಾದ ಎರಡು ವರ್ಷಕ್ಕೆ, 1756ರ ಸುಮಾರಿಗೆ, ದೊಡ್ಡ ಪುಸ್ತಕ ಶುರು ಮಾಡಿದ. 'ದಿ ಲೈಟ್ ಆಫ್ ನೇಚರ್ ಪರ್ಸ್ಯೂಡ್'. ಏಳು ಸಂಪುಟ! ಮನುಷ್ಯ ಒಳ್ಳೆಯದನ್ನು ಯಾಕೆ ಮಾಡುತ್ತಾನೆ, ಯಾಕೆ ಮಾಡಬೇಕು, ಇದೇ ಪ್ರಶ್ನೆ. ಪಾಠ ಹೇಳುವ ಕೆಲಸ ಇಲ್ಲ, ಪಾದ್ರಿ ಅಲ್ಲ, ಪದವಿಗಾಗಿ ಬರೆದಿದ್ದೂ ಅಲ್ಲ. ಬೆಳಿಗ್ಗೆ ಬರವಣಿಗೆ, ಕುದುರೆ ಹತ್ತಿ ಜಮೀನು ಸುತ್ತೋದು, ಸಂಜೆ ಮತ್ತೆ ಬರವಣಿಗೆ.

ಯಾರಾದರೂ ಓದಿದ್ದೀರಾ? ನಾನು ಅಲ್ಲಲ್ಲಿ ಓದಿದ್ದೇನೆ. ಪೂರ್ತಿ ಓದಿದ್ದೇನೆ ಅಂದರೆ ಸುಳ್ಳಾಗುತ್ತೆ.

ಬಿಸಿಬೇಳೆ:

ಓದಿಲ್ಲ ಸ್ವಾಮಿ, ಹೆಸರೇ ಇವತ್ತು ಕೇಳಿದ್ದು. ಆದರೆ ಒಂದು ಮಾತು. ಅಪ್ಪನ ದುಡ್ಡಿತ್ತು, ಜಮೀನಿತ್ತು, ಉಳುವವರು ಬೇರೆ ಇದ್ದರು. ಇಷ್ಟಿದ್ದರೆ ನಾನೂ ಏಳು ಸಂಪುಟ ಬರೀತಿದ್ದೆ. ಒಳ್ಳೆಯತನ ಅಂದರೇನು ಅಂತ ಯೋಚಿಸೋಕೆ ಮೊದಲು ಹೊಟ್ಟೆ ತುಂಬಿರಬೇಕು, ಅಲ್ವಾ?

ಹಳೇ_ಪುಸ್ತಕದಂಗಡಿ:

ಒಪ್ಪಿದೆ. ಆದರೆ ಆ ಕಾಲದಲ್ಲಿ ಅಷ್ಟೇ ದುಡ್ಡಿದ್ದವರು ನೂರಾರು ಜನ ಇದ್ದರು. ನರಿ ಬೇಟೆ ಆಡಿದರು, ಜೂಜಾಡಿದರು, ಪಾರ್ಲಿಮೆಂಟಿಗೆ ಹೋದರು. ಈತ ಪಾರ್ಲಿಮೆಂಟಿನ ತಂಟೆಗೇ ಹೋಗಲಿಲ್ಲ. 1755ರಲ್ಲಿ, ಪಕ್ಷದ ಗುಂಪುಗಳಿಗೆ ಸೇರಿ ತಲೆ ಕೆಡಿಸಿಕೊಳ್ಳಬೇಡ ಮಗನೇ ಅಂತ ಒಂದು ಸಣ್ಣ ಪುಸ್ತಿಕೆ ಬರೆದ. 'ಹಳ್ಳಿಯ ಸದ್ಗೃಹಸ್ಥ ಮಗನಿಗೆ ಹೇಳಿದ ಬುದ್ಧಿಮಾತು' ಅನ್ನೋ ಥರದ ಹೆಸರು. ಮಗನೇ ಇರಲಿಲ್ಲ ಅನ್ನೋದು ಬೇರೆ ಮಾತು!

ಇನ್ನೊಂದು. ಯಾರೋ ಬಲವಂತ ಮಾಡಿ ಎಪ್ಸಮ್‌ನಲ್ಲಿ ನಡೆದ ಒಂದು ಜಿಲ್ಲಾ ಸಭೆಗೆ ಕರೆದುಕೊಂಡು ಹೋದರು. ವಿಗ್ ಮತ್ತು ಟೋರಿ ಪಕ್ಷದವರ ಜಗಳ ಜೋರಾಗಿದ್ದ ಸಮಯ. ಈತ ಬಾಯಿ ಬಿಡಲಿಲ್ಲ, ಸುಮ್ನೆ ಕೂತಿದ್ದ. ಆದರೂ ಆ ಸಭೆಯನ್ನು ಗೇಲಿ ಮಾಡಿ ಯಾರೋ ಕಟ್ಟಿದ ಲಾವಣಿಯಲ್ಲಿ ಈತನನ್ನೂ ಎಳೆದು ತಂದರು. ಈಗಿನ ಕಾಲದವರಾಗಿದ್ದರೆ ಕೇಸ್ ಹಾಕ್ತಿದ್ದರು. ಈತ ಹೊಟ್ಟೆ ಹಿಡಿದುಕೊಂಡು ನಕ್ಕು, ಆ ಲಾವಣಿಗೆ ತಾನೇ ರಾಗ ಹಾಕಿದ. ಕಾಲೇಜಿನಲ್ಲಿ ಕಲಿತ ಸಂಗೀತ ಕೆಲಸಕ್ಕೆ ಬಂತು.

ಬಿಸಿಬೇಳೆ:

ಸರಿ, ಈಗ ಸ್ವಲ್ಪ ಇಷ್ಟ ಆದ.

ಲೆಕ್ಕದ_ಮೇಷ್ಟ್ರು:

ನಾನು ಸ್ವಲ್ಪ ಓದಿದ್ದೇನೆ. ಏಳು ಸಂಪುಟ ಅಲ್ಲ, ಹ್ಯಾಜ್ಲಿಟ್ 1807ರಲ್ಲಿ ಒಂದೇ ಸಂಪುಟಕ್ಕೆ ಇಳಿಸಿದ್ದು. ಹೌದು, ಅದೇ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್. ಆಗ ಆತನಿಗೆ ಮೂವತ್ತೂ ತುಂಬಿರಲಿಲ್ಲ. ಮೂಲ ಪುಸ್ತಕ ಹನುಮಂತನ ಬಾಲ. ಒಂದು ವಿಷಯ ಹಿಡಿದರೆ ಬಿಡೋದಿಲ್ಲ, ಹೇಳಿದ್ದನ್ನೇ ಇನ್ನೊಂದು ಉಪಮೆ ಹಾಕಿ ಮತ್ತೆ ಹೇಳ್ತಾನೆ, ಮಧ್ಯದಲ್ಲಿ ಅಡುಗೆಮನೆ, ಕುದುರೆ, ಮಕ್ಕಳ ಆಟ ಎಲ್ಲ ಬರುತ್ತೆ.

ಆದರೆ ಒಂದು ವಿಚಾರ ಮಾತ್ರ ನನಗೆ ಬಹಳ ಹಿಡಿಸಿತು. ಅದಕ್ಕೆ ಆತ 'ಟ್ರಾನ್ಸ್‌ಲೇಷನ್' ಅಂತಾನೆ. ಭಾಷಾಂತರ ಅಲ್ಲ, ಜಾಗ ಬದಲಾಯಿಸೋದು. ನಾವು ಏನೋ ಒಂದು ಸುಖಕ್ಕಾಗಿ ಒಂದು ದಾರಿ ಹಿಡಿಯುತ್ತೇವೆ. ಅದೇ ದಾರಿಯಲ್ಲಿ ದಿನಾ ಓಡಾಡಿ ಓಡಾಡಿ, ಕೊನೆಗೆ ಹೋಗಬೇಕಾಗಿದ್ದ ಊರು ಮರೆತೇ ಹೋಗುತ್ತೆ, ದಾರಿಯ ಮೇಲೇ ಪ್ರೀತಿ ಬಂದುಬಿಡುತ್ತೆ. ದುಡ್ಡು ಇದಕ್ಕೆ ದೊಡ್ಡ ಉದಾಹರಣೆ. ಸಾಮಾನು ಕೊಳ್ಳೋಕೆ ಅಂತ ದುಡ್ಡು ಬೇಕು. ಆಮೇಲೆ ಸಾಮಾನೂ ಬೇಡ, ದುಡ್ಡೇ ಬೇಕು.

ನಮ್ಮ ಮನೆಯದ್ದೇ ಹೇಳ್ತೀನಿ. ಡಾಕ್ಟರ್ ಹೇಳಿದರು ಅಂತ ನಡೆಯೋಕೆ ಶುರು ಮಾಡಿದೆ, ಕೈಗೆ ಹೆಜ್ಜೆ ಎಣಿಸುವ ಗಡಿಯಾರ ಬಂತು. ಮೊನ್ನೆ ರಾತ್ರಿ ಹತ್ತೂವರೆಗೆ 9,400 ಹೆಜ್ಜೆ ಆಗಿತ್ತು. ಮಂಡಿ ನೋಯ್ತಿದೆ, ಆದರೂ ಹಾಲ್‌ನಲ್ಲಿ ಸೋಫಾ ಸುತ್ತ ತಿರುಗ್ತಾ ಇದ್ದೇನೆ, 10,000 ಆಗಲಿ ಅಂತ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ದೀಪ ಆರಿಸಿ ಹೋದಳು. ಆರೋಗ್ಯಕ್ಕೆ ಅಂತ ಶುರುವಾದದ್ದು, ಮಂಡಿ ಕೆಡಿಸಿಕೊಂಡು ಮುಗೀತು. ಟಕರ್ ಹೇಳಿದ್ದು ಇದನ್ನೇ.

ಆದರೆ ಆತ ಇದನ್ನು ಬರೀ ದೋಷ ಅಂತ ನೋಡೋದಿಲ್ಲ. ಒಳ್ಳೆಯತನವೂ ಹೀಗೇ ಬರುತ್ತೆ ಅನ್ನೋದು ಆತನ ವಾದ. ಮೊದಲು ನಮ್ಮ ಲಾಭಕ್ಕೆ ಇನ್ನೊಬ್ಬರಿಗೆ ಒಳ್ಳೇದು ಮಾಡ್ತೇವೆ, ಮಾಡ್ತಾ ಮಾಡ್ತಾ ಲಾಭ ಮರೆಯುತ್ತೆ, ಒಳ್ಳೇದು ಮಾಡೋದೇ ರುಚಿ ಆಗುತ್ತೆ. ಹಾಗಂತ ಆ ಒಳ್ಳೆಯತನ ಸುಳ್ಳಲ್ಲ.

ಮಳೆಗಾಲ_72:

ಮೇಷ್ಟ್ರೇ, ಸೋಫಾ ಸುತ್ತ ತಿರುಗೋ ಚಿತ್ರ ಕಣ್ಣಿಗೆ ಕಟ್ಟಿತು 😄

ಆದರೆ ಒಂದು ಅನುಮಾನ. ಎಲ್ಲದರ ಬುಡದಲ್ಲಿ ನನ್ನ ಸುಖವೇ ಇದೆ ಅಂದರೆ, ಬೇರೆಯವರಿಗಾಗಿ ಪ್ರಾಣ ಕೊಡುವವರ ಕಥೆ ಏನು? ಸತ್ತ ಮೇಲೆ ಸುಖ ಎಲ್ಲಿಂದ ಬರುತ್ತೆ?

ಹಳೇ_ಪುಸ್ತಕದಂಗಡಿ:

ನಾನು ಈ ಪೋಸ್ಟ್ ಹಾಕಿದ್ದೇ ಇದಕ್ಕೆ! ಈ ಪ್ರಶ್ನೆ ಬರಲಿ ಅಂತ ಕಾಯ್ತಾ ಇದ್ದೆ.

ಪುಸ್ತಕದ ಮೊದಲ ಭಾಗದಲ್ಲಿ ಆತ ಒಂದು ಪಣ ಹಾಕಿಕೊಳ್ಳುತ್ತಾನೆ. ಧರ್ಮಗ್ರಂಥದ ಮಾತು ತರೋದಿಲ್ಲ, ಮನುಷ್ಯನ ಬುದ್ಧಿಗೆ ಎಟುಕುವಷ್ಟರಲ್ಲೇ ವಾದ ಮಾಡ್ತೀನಿ ಅಂತ. ಹೆಸರಿನಲ್ಲಿರುವ 'ಲೈಟ್ ಆಫ್ ನೇಚರ್' ಅದೇ, ಹುಟ್ಟಿನಿಂದ ಬಂದ ಬುದ್ಧಿಯ ಬೆಳಕು. ಆ ಬೆಳಕು ಹಿಡಿದು ಹೋಗ್ತಾ ಹೋಗ್ತಾ ಎಲ್ಲ ಚೆನ್ನಾಗೇ ಇದೆ. ಪ್ರಾಮಾಣಿಕವಾಗಿದ್ದರೆ ನಮಗೇ ಒಳ್ಳೇದು, ನೆರೆಯವನಿಗೆ ಸಹಾಯ ಮಾಡಿದರೆ ನಮಗೇ ಒಳ್ಳೇದು. ಕೊನೆಗೆ ನೀವು ಕೇಳಿದ ಜಾಗಕ್ಕೆ ಬಂದು ನಿಲ್ಲುತ್ತಾನೆ. ದೇಶಕ್ಕಾಗಿ ಸಾಯಬೇಕಾಗಿ ಬಂದ ಮನುಷ್ಯ. ಸತ್ತರೆ ಸುಖದ ಲೆಕ್ಕವೇ ಮುಗೀತು. ಹಾಗಾದರೆ ಆತ ಯಾಕೆ ಸಾಯಬೇಕು?

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಏನಾದರೂ ಮಾತಿನ ಚಮತ್ಕಾರ ಮಾಡಿ ದಾಟಿಬಿಡ್ತಿದ್ದರು. ಕೀರ್ತಿ, ಆತ್ಮತೃಪ್ತಿ ಅಂತೆಲ್ಲ. ಟಕರ್ ಹಾಗೆ ಮಾಡಲಿಲ್ಲ. ಈ ದಾರಿಯಲ್ಲಿ ಬಂದರೆ ಸಾಯೋದಕ್ಕೆ ಕಾರಣ ಸಿಗೋದಿಲ್ಲ ಅಂತ ಬರೆದ. ಅಧ್ಯಾಯಕ್ಕೆ ಹೆಸರು 'ಲಿಮಿಟೇಷನ್ ಆಫ್ ವರ್ಚ್ಯೂ'. ಒಳ್ಳೆಯತನಕ್ಕೆ ಇಷ್ಟೇ ಮಿತಿ, ಇಲ್ಲಿಗೆ ಬೇಲಿ. ಆತನಿಗೆ ಈ ಉತ್ತರ ಸುತರಾಂ ಇಷ್ಟ ಇರಲಿಲ್ಲ, ಓದಿದರೆ ಗೊತ್ತಾಗುತ್ತೆ. ಆದರೂ ಅಳಿಸಲಿಲ್ಲ. ತನ್ನ ಲೆಕ್ಕದಲ್ಲಿ ತನಗೆ ಬೇಡದ ಉತ್ತರ ಬಂದರೂ ತಿದ್ದದೆ ಹಾಗೇ ಬಿಟ್ಟ. ಏಳು ಸಂಪುಟದಲ್ಲಿ ನನಗೆ ಬೇಕಾದದ್ದು ಇದೊಂದೇ.

ಲೆಕ್ಕದ_ಮೇಷ್ಟ್ರು:

ಪೂರ್ತಿ ಹೇಳಿ ಮಾರಾಯ್ರೆ. ಮುಂದೆ ಧರ್ಮದ ಭಾಗದಲ್ಲಿ ಆ ಬೇಲಿ ತಾನೇ ಕಿತ್ತು ಹಾಕ್ತಾನೆ. 'ರೀ-ಎನ್‌ಲಾರ್ಜ್‌ಮೆಂಟ್ ಆಫ್ ವರ್ಚ್ಯೂ' ಅಂತ ಇನ್ನೊಂದು ಅಧ್ಯಾಯವೇ ಇದೆ. ದೇವರಿಗೆ ಎಲ್ಲರೂ ಸಮಾನ, ಸಾವಿನ ಆಚೆಗೂ ಬದುಕಿದೆ, ಒಟ್ಟು ಲೆಕ್ಕದಲ್ಲಿ ಎಲ್ಲರಿಗೂ ಸುಖದ ಪಾಲು ಒಂದೇ. ಹಾಗಾಗಿ ಜಗತ್ತಿಗೆ ನಾನು ಏನು ಹಾಕಿದರೂ ನನ್ನ ಪಾಲೂ ಬೆಳೆಯುತ್ತೆ. ಒಂದು ಬ್ಯಾಂಕಿನ ಉಪಮೆ ಕೊಡ್ತಾನೆ ನೋಡಿ: ಇಡೀ ವಿಶ್ವವೇ ಒಂದು ಬ್ಯಾಂಕು, ಕಾಸು ಕಾಸಿಗೂ ಲೆಕ್ಕ ಇದೆ, ಯಾರು ಎಷ್ಟು ಹಾಕಿದರು, ಎಷ್ಟು ತೆಗೆದರು ಎಲ್ಲ ಪುಸ್ತಕದಲ್ಲಿ ಬರೆದಿರುತ್ತೆ. ವ್ಯಾಪಾರಿ ಮಗ ಅಲ್ವಾ, ದೇವರಿಗೂ ಖಾತೆ ಪುಸ್ತಕ ಹಿಡಿಸಿದ!

ನನಗೆ ಇದು ಸೋಲು ಅಂತಲೇ ಅನಿಸುತ್ತೆ. ಮೊದಲ ಭಾಗದ ಪ್ರಾಮಾಣಿಕತೆ ಎರಡನೇ ಭಾಗದಲ್ಲಿ ನೀರು ಪಾಲು.

ಮಳೆಗಾಲ_72:

ಹಾಗೇನಿಲ್ಲ ಮೇಷ್ಟ್ರೇ. ಬುದ್ಧಿಯಿಂದ ಇಲ್ಲಿ ತನಕ, ನಂಬಿಕೆಯಿಂದ ಅಲ್ಲಿ ತನಕ ಅಂತ ಎರಡನ್ನೂ ಬೇರೆ ಬೇರೆ ಬರೆದಿಟ್ಟ ಅಂದರೆ ಅದೂ ಪ್ರಾಮಾಣಿಕತೆಯೇ. ಎರಡನ್ನೂ ಕಲಸಿ ಸಾರು ಮಾಡಿದ್ದರೆ ಮೋಸ.

ಲೆಕ್ಕದ_ಮೇಷ್ಟ್ರು:

ಹ್ಮ್. ಯೋಚನೆ ಮಾಡ್ತೀನಿ. ಖಾತೆ ಪುಸ್ತಕ ಮಾತ್ರ ಜೀರ್ಣ ಆಗ್ತಿಲ್ಲ.

ಸುಮ್ನೆ_ಓದ್ತೀನಿ:

ಪುಸ್ತಕ ಬಂದಾಗ ಜನ ಏನಂದರು? ಯಾರಾದರೂ ಕೊಂಡರಾ?

ಹಳೇ_ಪುಸ್ತಕದಂಗಡಿ:

ಇದು ಈ ವೇದಿಕೆಯವರಿಗೆ ಹೇಳಿ ಮಾಡಿಸಿದ ಕಥೆ.

ಸ್ವಂತ ಹೆಸರಿನಲ್ಲಿ ಪುಸ್ತಕ ಹಾಕಲಿಲ್ಲ. ಎಡ್ವರ್ಡ್ ಸರ್ಚ್ ಅಂತ ಹೆಸರು ಇಟ್ಟುಕೊಂಡ. ಸರ್ಚ್ ಅಂದರೆ ಹುಡುಕಾಟ, ಹೆಸರಿನಲ್ಲೇ ಕೆಲಸ ಇದೆ. 1763ರಲ್ಲಿ ಮೊದಲು ಒಂದು ತುಣುಕು ಬಿಟ್ಟು ನೋಡಿದ, ಮನುಷ್ಯನ ಇಚ್ಛೆ ಸ್ವತಂತ್ರವೋ ಹಣೆಬರಹವೋ ಅನ್ನುವ ಭಾಗ. ಆ ಕಾಲದ 'ಮಂತ್ಲಿ ರಿವ್ಯೂ' ಪತ್ರಿಕೆಯಲ್ಲಿ ಅದಕ್ಕೆ ಟೀಕೆ ಬಂತು. ಈತ ಉತ್ತರ ಬರೆದ. ಆದರೆ ಎಡ್ವರ್ಡ್ ಸರ್ಚ್ ಆಗಿ ಅಲ್ಲ. ಇನ್ನೊಂದು ಹೊಸ ಹೆಸರಲ್ಲಿ. ಕತ್‌ಬರ್ಟ್ ಕಾಮೆಂಟ್!

ನಾನು ಸುಳ್ಳು ಹೇಳ್ತಿಲ್ಲ. 1763ರಲ್ಲೇ ಫೇಕ್ ಅಕೌಂಟ್ ಮಾಡಿ, ಅದಕ್ಕೆ ಕಾಮೆಂಟ್ ಅಂತಲೇ ಹೆಸರಿಟ್ಟು, ತನ್ನ ಪೋಸ್ಟಿನ ಪರವಾಗಿ ತಾನೇ ಕಾಮೆಂಟ್ ಮಾಡಿದ ಮನುಷ್ಯ.

ಬಿಸಿಬೇಳೆ:

ಅಡ್ಮಿನ್ ಗಮನಿಸಿ 😂 ನಮ್ಮ ಗುರುಗಳ ಗುರು ಸಿಕ್ಕಿದರು.

ಲೆಕ್ಕದ_ಮೇಷ್ಟ್ರು:

ಮೊದಲ ಸಂಪುಟಗಳು 1760ರ ದಶಕದಲ್ಲಿ ಬಂದವು, ಉಳಿದವು ಆತ ಸತ್ತು ನಾಲ್ಕು ವರ್ಷ ಆದಮೇಲೆ, 1778ರಲ್ಲಿ. ದೊಡ್ಡ ಸದ್ದೇನೂ ಆಗಲಿಲ್ಲ. ಆದರೆ ಓದಬೇಕಾದವರು ಓದಿದರು. ವಿಲಿಯಂ ಪೇಲಿ ಅಂತ ಒಬ್ಬ ಪಾದ್ರಿ, 1785ರಲ್ಲಿ ನೀತಿಶಾಸ್ತ್ರದ ಮೇಲೆ ಪುಸ್ತಕ ಬರೆದ, ಅದು ಕೇಂಬ್ರಿಡ್ಜಿನಲ್ಲಿ ಬಹಳ ವರ್ಷ ಪಠ್ಯವಾಗಿತ್ತು. ಅದರ ಮುನ್ನುಡಿಯಲ್ಲಿ ಪೇಲಿ ಒಪ್ಪಿಕೊಳ್ಳುತ್ತಾನೆ: ಸ್ವಂತವಾಗಿ ಯೋಚನೆ ಮಾಡಿದ್ದು ಈತನಲ್ಲಿ ಸಿಕ್ಕಷ್ಟು ಬೇರೆಯವರನ್ನೆಲ್ಲ ಒಟ್ಟು ಹಾಕಿದರೂ ಸಿಗಲಿಲ್ಲ ಅಂತ. ಪುಸ್ತಕ ಉದ್ದ, ಅಡ್ಡಾದಿಡ್ಡಿ ಅನ್ನೋದನ್ನೂ ಅಲ್ಲೇ ಸೇರಿಸಿದ್ದಾನೆ. ಅಂದರೆ ಟಕರ್ ಅಡುಗೆ ಮಾಡಿದ, ಪೇಲಿ ಎಲೆ ಹಾಕಿ ಬಡಿಸಿದ. ಊರಿಗೆಲ್ಲ ಗೊತ್ತಾಗಿದ್ದು ಬಡಿಸಿದವನ ಹೆಸರು.

ಊರುಬಿಟ್ಟವಳು:

ತಡವಾಗಿ ಬಂದೆ. ನಾನು ಇರೋದು ಸರ್ರಿಯಲ್ಲೇ, ಡಾರ್ಕಿಂಗ್ ಇಲ್ಲಿಂದ ರೈಲಿನಲ್ಲಿ ಹತ್ತಿರ. ಬೆಚ್‌ವರ್ತ್ ಕ್ಯಾಸಲ್ ನೋಡಿದ್ದೇನೆ, ಆದರೆ ಈ ಟಕರ್ ಕಥೆ ಒಂದಕ್ಷರ ಗೊತ್ತಿರಲಿಲ್ಲ!

ಕ್ಯಾಸಲ್ ಅಂದ ತಕ್ಷಣ ದೊಡ್ಡದಾಗಿ ಊಹೆ ಮಾಡಬೇಡಿ. ಈಗ ಉಳಿದಿರೋದು ಪಾಳು ಗೋಡೆಗಳು ಅಷ್ಟೇ. ಮೋಲ್ ಅಂತ ಒಂದು ಸಣ್ಣ ನದಿ, ಅದರ ಮೇಲೆ ಒಂದು ದಿಬ್ಬ, ಆ ದಿಬ್ಬದ ಮೇಲೆ ಗೋಡೆಗಳು. ಕಿಟಕಿ ಇದ್ದ ಜಾಗದಲ್ಲಿ ತೂತು, ಅದರೊಳಗಿಂದ ಆಕಾಶ ಕಾಣುತ್ತೆ. ಪಕ್ಕದಲ್ಲೇ ಗಾಲ್ಫ್ ಮೈದಾನ. ನಾನು ಹೋದ ದಿನ ಹಿಂದಿನ ರಾತ್ರಿ ಮಳೆ ಬಂದು ಕಾಲುದಾರಿ ಪೂರ್ತಿ ಕೆಸರು, ಬೂಟಿನ ಮೇಲೆ ಎರಡಿಂಚು ಹತ್ತಿತ್ತು. ಗೋಡೆಯ ಕಲ್ಲಿನ ಸಂದಿಯಲ್ಲಿ ಗಿಡ ಬೆಳೆದಿತ್ತು, ಬಿಳಿ ಟೋಪಿ ಹಾಕಿದ ಒಬ್ಬ ಮುದುಕಪ್ಪ ಗಾಲ್ಫ್ ಚೆಂಡು ಹುಡುಕ್ತಾ ಬೇಲಿ ತನಕ ಬಂದು, ನನ್ನನ್ನು ನೋಡಿ ತಲೆಯಾಡಿಸಿ ಹೋದರು. ಈ ಗೋಡೆ ಒಳಗೆ ಒಬ್ಬ ಕೂತು ಹೆಂಡತಿ ಕಾಗದ ಎರಡೆರಡು ಸಲ ನಕಲು ಮಾಡಿದ್ದ ಅಂತ ಗೊತ್ತಿದ್ದರೆ ಇನ್ನೂ ಸ್ವಲ್ಪ ಹೊತ್ತು ನಿಲ್ತಿದ್ದೆ.

ಆತ ಹೋದಮೇಲೆ ಆಸ್ತಿ ಮೊಮ್ಮಗನ ಕೈಗೆ ಹೋಗಿ, ಅಲ್ಲಿಂದ ಮಾರಾಟ ಆಗಿ, ಆಮೇಲಿನ ಒಡೆಯರು ಮನೆಯನ್ನು ಬಹುಪಾಲು ಕೆಡವಿಸಿದರು.

ಹಳೇ_ಪುಸ್ತಕದಂಗಡಿ:

ಅಕ್ಕಾ, ನೀವು ಬರೆದಿದ್ದು ಓದಿ ಖುಷಿಯಾಯ್ತು. ಮುಂದಿನ ಸಲ ಹೋದರೆ ನನ್ನ ಪರವಾಗಿ ಹತ್ತು ನಿಮಿಷ ನಿಂತು ಬನ್ನಿ.

ಆ ಮೊಮ್ಮಗ ಸರ್ ಹೆನ್ರಿ ಸೇಂಟ್ ಜಾನ್ ಮಿಲ್ಡ್‌ಮೇ. 1805ರಲ್ಲಿ ತಾತನ ಪುಸ್ತಕ ಮತ್ತೆ ಅಚ್ಚು ಹಾಕಿಸಿ, ಮುಂದೆ ಒಂದು ಜೀವನ ಚರಿತ್ರೆ ಬರೆದ. ಮಾವನ ಪತ್ರದ ಕಥೆ, ಲಾವಣಿ ಕಥೆ ಎಲ್ಲ ನಮಗೆ ಸಿಕ್ಕಿದ್ದು ಅಲ್ಲಿಂದ.

ಊರುಬಿಟ್ಟವಳು:

ಹೆಣ್ಣುಮಕ್ಕಳ ಬಗ್ಗೆ ಯಾರೂ ಹೇಳಲೇ ಇಲ್ಲ. ಇಬ್ಬರು ಇದ್ದರು ಅಂದಿರಿ. ಏನಾದರು?

ಹಳೇ_ಪುಸ್ತಕದಂಗಡಿ:

ಕೇಳಿದ್ದು ಒಳ್ಳೇದಾಯ್ತು, ನಾನೇ ಬರೀಬೇಕಿತ್ತು.

ಇಬ್ಬರಿಗೂ ಫ್ರೆಂಚ್, ಇಟಾಲಿಯನ್ ತಾನೇ ಕಲಿಸಿದ. ಚಿಕ್ಕವಳು ಮದುವೆಯಾಗಿ ಹೋದಳು, ಮಿಲ್ಡ್‌ಮೇ ಅವಳ ಮಗ. ದೊಡ್ಡವಳು ಜೂಡಿತ್, ಮದುವೆಯಾಗದೆ ಅಪ್ಪನ ಜೊತೆಗೇ ಉಳಿದಳು. 1771ರಲ್ಲಿ ಟಕರ್‌ಗೆ ಕಣ್ಣು ಪೂರ್ತಿ ಹೋಯ್ತು. ಪುಸ್ತಕ ಇನ್ನೂ ಮುಗಿದಿರಲಿಲ್ಲ. ಕುರುಡಾದರೂ ಬರೆಯೋದು ಬಿಡಲಿಲ್ಲ. ಕೈ ಸಾಲು ತಪ್ಪದ ಹಾಗೆ ಹಿಡಿದುಕೊಳ್ಳುವ ಒಂದು ಸಾಧನವನ್ನು ತಾನೇ ಯೋಚಿಸಿ ಮಾಡಿಸಿಕೊಂಡ. ಅದರಲ್ಲಿ ಬರೆದದ್ದನ್ನು ಜೂಡಿತ್ ಓದಿ, ಶುದ್ಧವಾಗಿ ನಕಲು ಮಾಡುತ್ತಿದ್ದಳು. ಅಪ್ಪನಿಗೆ ಇಷ್ಟದ ಗ್ರೀಕ್ ಪುಸ್ತಕ ಓದಿ ಹೇಳಬೇಕು ಅಂತ ಆಕೆ ಗ್ರೀಕ್ ಭಾಷೆಯನ್ನೇ ಕಲಿತಳು. ಎಣಿಸಿ ನೋಡಿ: ಕತ್ತಲಲ್ಲಿ ಬರೆದ ಹಾಳೆ ಹಾಳೆಯನ್ನೂ ಬಿಡಿಸಿ ಓದಿ ಮತ್ತೆ ಬರೆಯೋದು, ಮೂರು ವರ್ಷ, 1774ರ ನವೆಂಬರಿನಲ್ಲಿ ಆತ ಸಾಯುವ ತನಕ.

ಊರುಬಿಟ್ಟವಳು:

ಅಂದರೆ ಪುಸ್ತಕದ ಮೇಲೆ ಅಪ್ಪನ ಹೆಸರೂ ಇಲ್ಲ, ಮಗಳ ಹೆಸರೂ ಇಲ್ಲ. ಇದ್ದಿದ್ದು ಎಡ್ವರ್ಡ್ ಸರ್ಚ್. ಅಪ್ಪನ ಹೆಸರು ಆಮೇಲೆ ಬಂತು. ಇವಳದ್ದು?

ಬಿಸಿಬೇಳೆ:

ಶುರುವಿನಲ್ಲಿ ನಾನು ಉಳುವವರ ಬಗ್ಗೆ ಕೇಳಿದ್ದೆ. ಈಗ ಬರೆಯುವವಳೂ ಸಿಕ್ಕಳು ನೋಡಿ.

ಸುಮ್ನೆ_ಓದ್ತೀನಿ:

ನನಗೊಂದು ಹೊಳೀತು, ತಪ್ಪಿದ್ದರೆ ಬೈಬೇಡಿ. ಮೇಷ್ಟ್ರು ಹೇಳಿದರಲ್ಲ, ದಾರಿಯ ಮೇಲೇ ಪ್ರೀತಿ ಬಂದುಬಿಡುತ್ತೆ ಅಂತ. ಕಾಗದ ಬರೆಯೋದು ಹೆಂಡತಿಯನ್ನು ತಲುಪೋಕೆ. ಆಮೇಲೆ ಹೆಂಡತಿ ಇಲ್ಲ, ಕಾಗದ ಇದೆ. ಕೂತು ಎರಡು ಸಲ ನಕಲು ಮಾಡ್ತಾನೆ. ಎರಡು ವರ್ಷಕ್ಕೆ ಈ ಪುಸ್ತಕ ಶುರು. ಆ ವಿಚಾರ ಆತನಿಗೆ ದುಡ್ಡು ನೋಡಿ ಬಂದಿದ್ದಲ್ಲ ಅನಿಸುತ್ತೆ.

ಲೆಕ್ಕದ_ಮೇಷ್ಟ್ರು:

ಚೆನ್ನಾಗಿದೆ, ಆದರೆ ಜಾಸ್ತಿ ಎಳೀಬೇಡಿ. ಆತನಿಗೂ ಮುಂಚೆ ಇಂಗ್ಲೆಂಡಿನಲ್ಲೇ ಬೇರೆಯವರು ದುಡ್ಡಿನ ಉದಾಹರಣೆ ಕೊಟ್ಟು ಇದೇ ಮಾತು ಆಡಿದ್ದರು. ಡೇವಿಡ್ ಹಾರ್ಟ್ಲಿ 1749ರಲ್ಲೇ ಹತ್ತಿರದ್ದೇನೋ ಬರೆದಿದ್ದ.

ಹಳೇ_ಪುಸ್ತಕದಂಗಡಿ:

ಇಬ್ಬರೂ ಇದನ್ನು ಕೇಳಿ. ಪುಸ್ತಕದಲ್ಲಿ 'ದಿ ವಿಷನ್' ಅಂತ ಒಂದು ಅಧ್ಯಾಯ ಇದೆ. ಎಲ್ಲ ವಾದ ಬದಿಗಿಟ್ಟು, ತಾನು ಸತ್ತುಹೋದ ಹಾಗೆ ಒಂದು ಕನಸು ಬರೀತಾನೆ. ಸತ್ತಮೇಲೆ ಜೀವಕ್ಕೆ ತೀರಾ ಸಣ್ಣದೊಂದು ದೇಹ ಇರುತ್ತೆ ಅನ್ನೋದು ಆತನ ಊಹೆ, ಅದನ್ನು 'ವೆಹಿಕಲ್' ಅಂತಾನೆ, ಅಂದರೆ ವಾಹನ. ಅಲ್ಲಿ ದಾರಿ ತೋರಿಸೋಕೆ ಬರುವವನು ಯಾರು? ತತ್ವಜ್ಞಾನಿ ಜಾನ್ ಲಾಕ್! ಟಕರ್ ಹುಟ್ಟುವ ಹಿಂದಿನ ವರ್ಷ, 1704ರಲ್ಲಿ, ಸತ್ತವನು. ಜೀವನಪೂರ್ತಿ ಯಾರ ಪುಸ್ತಕ ಓದಿದ್ದನೋ ಆತನೇ ಎದುರಿಗೆ ಬಂದು ಮಾತಾಡಿಸ್ತಾನೆ. ಒಬ್ಬ ಓದುಗನಿಗೆ ಇದಕ್ಕಿಂತ ಸ್ವರ್ಗ ಬೇಕಾ?

ಅಲ್ಲೇ ಹೆಂಡತಿಯೂ ಸಿಗ್ತಾಳೆ.

ಲೆಕ್ಕದ_ಮೇಷ್ಟ್ರು:

ಹ್ಯಾಜ್ಲಿಟ್ ಪ್ರತಿ ಮತ್ತೆ ತೆಗೀತೀನಿ ತಡೀರಿ.

ಮಳೆಗಾಲ_72:

ಲಂಡನ್ನಿಗೆ ಹೋಗ್ತಾನೇ ಇರಲಿಲ್ವಾ? ವರ್ಷಪೂರ್ತಿ ಅದೇ ಮನೆ ಅಂದರೆ ಹುಚ್ಚು ಹಿಡಿಯುತ್ತೆ.

ಹಳೇ_ಪುಸ್ತಕದಂಗಡಿ:

ಚಳಿಗಾಲದಲ್ಲಿ ಕೆಲವು ತಿಂಗಳು ಹೋಗ್ತಿದ್ದ. ಅಲ್ಲಿ ಆತನಿಗೆ ನಡೆಯುವ ಚಟ. ನಡೆಯೋಕೆ ಏನಾದರೂ ಕೆಲಸ ಇರಬೇಕಲ್ಲ, ಕೆಲಸ ಇಲ್ಲದ ದಿನ ಗ್ರೇಟ್ ಜೇಮ್ಸ್ ಸ್ಟ್ರೀಟಿನ ಮನೆಯಿಂದ ಸೇಂಟ್ ಪೌಲ್ಸ್ ಚರ್ಚಿನ ತನಕವೋ ಬ್ಯಾಂಕಿನ ತನಕವೋ ಹೋಗಿ ಬರ್ತಿದ್ದ. ಯಾಕೆ ಅಂತ ಕೇಳಿದರೆ, ಗಂಟೆ ಎಷ್ಟಾಯ್ತು ನೋಡಿಕೊಂಡು ಬರೋಕೆ ಅಂತಿದ್ದನಂತೆ.

ಲೆಕ್ಕದ_ಮೇಷ್ಟ್ರು:

ಕೈಯಲ್ಲಿ ಹೆಜ್ಜೆ ಎಣಿಸೋ ಗಡಿಯಾರ ಇರಲಿಲ್ಲ, ಬಚಾವಾದ.

ಸುಮ್ನೆ_ಓದ್ತೀನಿ:

ಮೊದಲ ಸಂಪುಟ ಇಳಿಸಿಕೊಂಡೆ. ಹನ್ನೆರಡನೇ ಪುಟದಲ್ಲಿದ್ದೇನೆ, ಇನ್ನೂ ವಿಷಯಕ್ಕೇ ಬಂದಿಲ್ಲ ಈ ಮನುಷ್ಯ.